ಅಂತೆ

ಮೊದಲ ದಿನವೇ ಗಾದಿಲಿಂಗ ಸರ್ ಹಲಗೆಯ ಮೇಲೆ
ಒಂದು ಪದ ಬರೆದು ಅಡ್ಡಗೀಟು ಎಳೆದರು:
ಅಂತೆ.
ಬಾಯಲ್ಲಿ ಇರಲಿ, ಪರವಾಗಿಲ್ಲ.
ಪೆನ್ನಿನ ತುದಿಗೆ ಬರಬಾರದು.
ಯಾರು ಅಂದರು, ಎಲ್ಲಿ ನಿಂತು ಅಂದರು,
ಅಂದಾಗ ಹೊತ್ತೆಷ್ಟು, ಅದು ತನ್ನಿ.

ಸಮುದಾಯ ಕಾಲೇಜಿನ ಸಂಜೆ ತರಗತಿ. ಹನ್ನೊಂದು ಜನ.
ಕೌಲ್ ಬಜಾರಿನ ಆಟೋ ಶೇಕ್ಷಾವಲಿ,
ಬಾಡಿಗೆ ಸಿಕ್ಕರೆ ಅರ್ಧಕ್ಕೇ ಎದ್ದು ಹೋಗುವವನು;
ಡಿಟಿಪಿ ಅಂಗಡಿಯ ರತ್ನಮ್ಮ,
ಒತ್ತಕ್ಷರ ಸರ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತು.
ಕಿಟಕಿಯ ತುಂಬ ಬಳ್ಳಾರಿಯ ಏಕಶಿಲೆಯ ಗುಡ್ಡ,
ಹೊತ್ತು ಮುಳುಗಿ ಎರಡು ತಾಸಾದರೂ
ಒಲೆಯಿಂದ ಇಳಿಸಿದ ಹಂಚಿನ ಹಾಗೆ.

ಫ್ಯಾನಿಗೆ ರೆಕ್ಕೆ ಇತ್ತು, ತಿರುಗುತ್ತಿರಲಿಲ್ಲ.
ಅದನ್ನೇ ಬರೆಯಿರಿ, ಅಂದರು.
ಫ್ಯಾನು ಕೆಟ್ಟು ನಾಲ್ಕು ತಿಂಗಳಾಯಿತಂತೆ, ಅಂತ ಬರೆದೆ.
ಕೆಂಪು ಶಾಯಿಯಲ್ಲಿ ಒಂದೇ ಮಾತು: ಮೂಲ?
ಜವಾನ ಕಿಷ್ಟಪ್ಪನನ್ನು ಹುಡುಕಿಕೊಂಡು ಹೋದೆ.
ಅವನು ರಿಪೇರಿಯ ಪುಸ್ತಕ ಬಿಚ್ಚಿ ಬೆರಳಿಟ್ಟ.
ನಾಲ್ಕಲ್ಲ, ಹದಿನಾಲ್ಕು.

ಮನೆಯಲ್ಲಿ ಅವ್ವನ ಮಾತೆಲ್ಲ ಅದರಲ್ಲೇ ಮುಗಿಯುತ್ತದೆ.
ಶನಿವಾರ ಪಗಾರ ಆಗ್ತೈತಂತೆ.
ಪೀಸಿಗೆ ನಾಲ್ಕಾಣೆ ಜಾಸ್ತಿ ಮಾಡ್ತಾರಂತೆ.
ಉಗುರಿನ ಬಣ್ಣ ನಿಂಬೆಹಣ್ಣಿಗೆ ಹೋಗ್ತೈತಂತೆ.
ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಾಳೆ,
ಗುಡ್ಡೆಯ ಮುಂದೆ ಒಂದು ಕಾಲು ಚಾಚಿ ಕೂತು,
ಹೊಲಿಗೆ ಮುಗಿದಲ್ಲಿ ಜೋತುಬಿದ್ದ ಎಳೆ
ಕಚಕ್, ಕಚಕ್.
ಹೆಬ್ಬೆರಳು ನೀಲಿ. ಸೆರಗಿನಂಚು ನೀಲಿ. ಸೀನಿದರೆ ನೀಲಿ.
ಎಲ್ಲ ಅವ್ವಂದಿರ ಕೈಯೂ ಹಾಗೇ ಇರುತ್ತದೆಂದು
ಶಾಲೆಗೆ ಹೋಗುವ ತನಕ ತಿಳಿದಿದ್ದೆ.

ವರ್ಷದ ಕೊನೆಯ ವರದಿಗೆ ನಾನು ಆರಿಸಿದ್ದು
ನಮ್ಮ ಓಣಿಯ ಹಿಂದಿನ ಮೋರಿ.
ಅವ್ವಾ, ವಾಷಿಂಗ್ ನೀರು ಯಾವಾಗ ಬಿಡ್ತಾರೆ?
ರಾತ್ರಿ ಎರಡಕ್ಕೆ ಬಿಡ್ತಾರಂತೆ.
ಯಾರಂದ್ರು?
ಕತ್ತರಿ ನಿಂತಿತು.
ಯಾರೋ.
ನಿನ್ನ ಹೆಸರು ಹಾಕ್ಲಾ?
ಪ್ಯಾಂಟು ತಿರುವಿ ಇನ್ನೊಂದು ಕಾಲು ಹಿಡಿದಳು.
ಹೆಸರಿದ್ದವ್ರು ಹೇಳ್ಲಿ ಬಿಡವ್ವ.
ನಮ್ಮಂಥವ್ರಿಗೆ ಅಂತೆ ಅನ್ನೋದು ಸೆರಗಿದ್ದಂಗೆ.
ಮುಖ ಮುಚ್ಕೊಂಡು ಮಾತಾಡಾಕೆ ಬರ್ತೈತೆ.

ಸರ್‌ಗೆ ಇದನ್ನು ಹೇಳಿದೆ.
ಸೀಮೆಸುಣ್ಣವನ್ನು ಅಂಗೈಯಲ್ಲಿ ಉರುಳಿಸುತ್ತ ನಿಂತರು.
ಹಲಗೆ ಒರೆಸಿದರು. ಅಲ್ಲೇನೂ ಬರೆದಿರಲಿಲ್ಲ.
ಆಮೇಲೆ ಶೇಕ್ಷಾವಲಿ ಏನೋ ಕೇಳಿದ್ದಕ್ಕೆ
ಅತಿಥಿ ಉಪನ್ಯಾಸಕರ ಐದು ತಿಂಗಳ ಬಾಕಿ
ದಸರೆಯೊಳಗೆ ಬರುತ್ತಂತೆ, ಅಂದರು.
ಯಾರೂ ನಗಲಿಲ್ಲ.
ರತ್ನಮ್ಮ ನೋಟ್‌ಬುಕ್ಕಿನ ಹಾಳೆ ತಿರುವಿದರು.

ಆ ರಾತ್ರಿ ಮೂವರೂ ಆಟೋದಲ್ಲಿ, ಲೈಟು ಆರಿಸಿ.
ಸೊಳ್ಳೆ. ಒಂದು ಫ್ಲಾಸ್ಕು ಚಹಾ.
ನಮ್ಮನ್ನು ಗುರುತು ಹಿಡಿಯದೆ ಬೊಗಳಿದ ನಮ್ಮ ಓಣಿಯ ನಾಯಿ.
ಎರಡಾಯಿತು, ಏನಿಲ್ಲ. ಎರಡೂವರೆ.
ಅವ್ವನ ಮಾತು ಸುಳ್ಳಾಗಲಿ ಅಂತ
ಒಂದು ಕ್ಷಣ ಬೇಡಿಕೊಂಡೆ, ಯಾಕೋ ಗೊತ್ತಿಲ್ಲ.
ಮೂರಕ್ಕೆ ಹತ್ತು ನಿಮಿಷವಿದೆ ಎನ್ನುವಾಗ
ಮೊದಲು ಬಂದದ್ದು ಸದ್ದು, ಆಮೇಲೆ ವಾಸನೆ,
ಆಮೇಲೆ ಟಾರ್ಚಿನ ಬೆಳಕಿಗೆ
ಅವಳ ಉಗುರಿನ ಬಣ್ಣ, ಮೊಣಕಾಲುದ್ದ, ಹರಿಯುತ್ತ.
ನನ್ನ ಬಿಳಿ ವೇಲನ್ನು ಅದ್ದಿ ತೆಗೆದೆ.

ಬಳ್ಳಾರಿ: ಬುಧವಾರ ನಸುಕಿನಲ್ಲಿ
ಈ ವರದಿಗಾರ್ತಿ ಕಂಡಂತೆ
ಎಂದು ಶುರುವಾಗುತ್ತದೆ ನನ್ನ ವರದಿ.
ಅಲ್ಲೂ ಬಾಲಕ್ಕೆ ಒಂದು ಅಂತೆ ಅಂಟಿಕೊಂಡಿದೆ.
ಸರ್ ಕೆಂಪು ಪೆನ್ನು ಅದರ ಮೇಲೆ ತಂದು,
ತಡೆದು, ಮುಚ್ಚಳ ಹಾಕಿದರು.

ವೇಲು ಇನ್ನೂ ತಂತಿಯ ಮೇಲಿದೆ.
ಮೂರು ಸಲ ಒಗೆದೆ, ಸೋಡಾ ಹಾಕಿ ಕುದಿಸಿದೆ.
ನಾಲ್ಕನೆಯ ಸಲ ಬಕೆಟ್ಟಿಗೆ ಕೈ ಹಾಕುವಾಗ
ಅವ್ವ ಕತ್ತರಿಯಿಂದ ತಲೆ ಎತ್ತದೆ ಅಂದಳು:
ಹೋಗಲ್ಲ ಅದು.
ನಂಗೆ ಗೊತ್ತು.