ಹೊಸತೊಡಕಿನ ಹನ್ನೊಂದು ನಿಮಿಷ

ಇವತ್ತು ಅಳಬಾರದು, ಬೈಯಬಾರದು, ಸಾಲ ಕೇಳಬಾರದು,
ಇವತ್ತು ಮಾಡಿದ್ದನ್ನೇ ವರ್ಷಪೂರ್ತಿ ಮಾಡ್ತೀಯ,
ಅತ್ತೆ ಚಪ್ಪಲಿ ಬಿಡುವ ಮೊದಲೇ ಹೇಳಿದರು.
ಹೂಂ ಅಂದೆ.
ಆಗಲೇ ಒಂದು ಸಲ ಅತ್ತಾಗಿತ್ತು,
ಅದನ್ನು ಈರುಳ್ಳಿಯ ಲೆಕ್ಕಕ್ಕೆ ಬರೆದುಕೊಂಡೆ.

ಸುಂಕದಕಟ್ಟೆ, ಎರಡನೇ ಮಹಡಿ.
ಇಪ್ಪತ್ತಮೂರು ಜನ. ಹದಿನಾಲ್ಕು ತಟ್ಟೆ.
ಕಾವೇರಿ ನೀರು ನಿನ್ನೆ ಬರಬೇಕಿತ್ತು,
ಹಬ್ಬ ಅಂತ ಅದೂ ರಜೆ ಹಾಕಿದೆ.
ಟ್ಯಾಂಕರಿನವನು ಮೂರು ಸಲ ಫೋನು ಎತ್ತಲಿಲ್ಲ,
ನಾಲ್ಕನೇ ಸಲ ಎತ್ತಿದಾಗ
ಅವನ ಮನೆಯಲ್ಲೂ ಕುಕ್ಕರು ಕೂಗುತ್ತಿತ್ತು.

ಬೆಳಗಿನ ಜಾವ ನಾಲ್ಕಕ್ಕೆ ಮಟನ್ ಅಂಗಡಿಯ ಸಾಲಿಗೆ ಹೋದ ಯಜಮಾನರು
ಎಂಟಕ್ಕೆ ಬಂದರು, ಕೋಟೆ ಗೆದ್ದವರ ಹಾಗೆ.
ಐದು ಕೇಜಿ ಅಂದಿದ್ದೆ. ಮೂರೂವರೆ ತಂದು
ಮೂಳೆ ಚೆನ್ನಾಗಿದೆ ಅಂದರು.

ಗಾರ್ಮೆಂಟ್ಸಿನಲ್ಲಿ ನಾನು ಲೈನ್ ಸೂಪರ್‌ವೈಸರು.
ನಲವತ್ತು ಮಿಷನ್ನು, ಗಂಟೆಗೆ ಎಂಬತ್ತು ಕಾಲರು,
ಯಾರ ಸೂಜಿ ಮುರಿದರೂ ಸದ್ದಿನಲ್ಲೇ ತಿಳಿಯುತ್ತದೆ.
ಇಲ್ಲಿ ಇರುವುದು ಮೂರೇ ಒಲೆ.
ಮಸಾಲೆ ಅರ್ಧಕ್ಕೆ ಬಂದಾಗ ಮಿಕ್ಸಿ ಹೊಗೆಯಾಡಿತು.
ನಾವೆಲ್ಲ ಒರಳಲ್ಲೇ ರುಬ್ಬುತ್ತಿದ್ದೆವು,
ಚಿಕ್ಕತಾಯಮ್ಮ ಕುರ್ಚಿಯಿಂದ ಹೇಳಿದರು.
ಒರಳು ಎಲ್ಲಿದೆ ಅಂತ ಹೇಳಲಿಲ್ಲ.

ಬೆಟ್ಟಸ್ವಾಮಿ ಭಾವನಿಗೆ ಉಪ್ಪಿಲ್ಲದ ಸಾರು.
ಕೋಮಲಾಳ ಗಂಡ ಮಾಂಸ ಬಿಟ್ಟಿದ್ದಾನೆ, ಹೋದ ಶನಿವಾರದಿಂದ.
ಅವರ ಹುಡುಗನಿಗೆ ಮೊಟ್ಟೆ ಮಾತ್ರ, ಅದರ ಬಿಳಿ ಮಾತ್ರ.
ನಡುಮನೆಯಲ್ಲಿ ಇಸ್ಪೀಟು ಬಿದ್ದಿದೆ,
ಗೆದ್ದವರೂ ನೀರು ಕೇಳುತ್ತಾರೆ,
ಸೋತವರೂ ನೀರು ಕೇಳುತ್ತಾರೆ.
ಹಬ್ಬದ ಹೆಸರಲ್ಲೇ ತೊಡಕು ಇಟ್ಟವರು ಯಾರೋ,
ಗಂಡಸಂತೂ ಇರಲಾರ.

ಹನ್ನೆರಡೂ ನಲವತ್ತಕ್ಕೆ,
ಮುದ್ದೆಗೆ ಎಸರಿಟ್ಟು,
ಟ್ಯಾಂಕಲ್ಲಿ ನೀರೆಷ್ಟಿದೆ ನೋಡಿ ಬರ್ತೀನಿ ಅಂತ
ಕೈಯಲ್ಲಿ ಸೌಟು ಹಿಡಿದೇ ತಾರಸಿ ಹತ್ತಿದೆ.

ಕಪ್ಪು ಟ್ಯಾಂಕಿನ ನೆರಳಲ್ಲಿ ಅತ್ತೆ ಕೂತಿದ್ದರು.
ಬೆಚ್ಚಿಬಿದ್ದು ಸೆರಗು ಸರಿಮಾಡಿಕೊಂಡು
ಸಂಡಿಗೆ ಒಣಗಿದೆಯಾ ಅಂತ ನೋಡೋಕೆ ಬಂದೆ, ಅಂದರು.
ಈ ವರ್ಷ ನಾನು ಸಂಡಿಗೆ ಇಟ್ಟೇ ಇರಲಿಲ್ಲ.
ನಾನೂ ಟ್ಯಾಂಕಿನ ಮುಚ್ಚಳ ತೆಗೆಯಲಿಲ್ಲ.
ಒಬ್ಬರ ಸುಳ್ಳನ್ನು ಇನ್ನೊಬ್ಬರು ಮುಟ್ಟದೆ
ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಎದುರು ತಾರಸಿಯಲ್ಲಿ ಒಬ್ಬಳು
ಒಣಗಿದ ಬಟ್ಟೆಗಳನ್ನೇ ತೆಗೆದು
ಮತ್ತೆ ಒಣಹಾಕುತ್ತಿದ್ದಳು, ಒಂದೊಂದಾಗಿ.

ನಾನು ಕೊಟ್ಟಿಗೆಗೆ ಹೋಗ್ತಿದ್ದೆ, ಅಂದರು ಅತ್ತೆ,
ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ.
ನೆಂಟರು ತುಂಬಿದ ದಿನ
ಕರುವಿಗೆ ಹುಲ್ಲು ಹಾಕಿ ಬರ್ತೀನಿ ಅಂತ.
ಕರು ಮಾರಿ ಎರಡು ವರ್ಷ ಆದಮೇಲೂ ಹೋಗ್ತಿದ್ದೆ.
ಯಾರೂ ಕೇಳಲಿಲ್ಲ.

ಕೆಳಗೆ ಕುಕ್ಕರು ಕೂಗಿತು, ಐದೋ ಆರೋ,
ಲೆಕ್ಕ ತಪ್ಪಿತ್ತು.
ಇವತ್ತು ಮಾಡಿದ್ದೇ ವರ್ಷಪೂರ್ತಿ, ಅಲ್ವಾ ಅತ್ತೆ?
ಮತ್ತೆ?
ಸೌಟನ್ನು ಪ್ಯಾರಾಪೆಟ್ ಮೇಲಿಟ್ಟು
ಬಿಸಿ ನೆಲದ ಮೇಲೆ ಕಾಲು ಚಾಚಿದೆ.
ಅವರು ಎಲೆಗೆ ಸುಣ್ಣ ಸವರಿ, ಚೂರು ಅಡಿಕೆ ಇಟ್ಟು,
ಮಡಿಚಿ ನನ್ನ ಕೈಗಿತ್ತರು. ಮದುವೆಯಾಗಿ
ಹದಿನೇಳು ವರ್ಷಕ್ಕೆ ಮೊದಲ ಸಲ.

ನೀರು ಎಷ್ಟಿದೆ? ಮೆಟ್ಟಿಲ ಬುಡದಿಂದ ಯಾರೋ ಕೂಗಿದರು.

ನೋಡ್ತಾ ಇದೀವಿ, ಅಂದರು ಅತ್ತೆ.