ಮೊದಲು ಎಲ್ಲಿ ಇಳಿಸಿದಿರಿ

ಗಂಡ ಉಳಿಸಿಹೋದ ಗಾಳದ ಪೆಟ್ಟಿಗೆ,
ತಗಡಿನದು, ಹಸಿರು.
ಮೇಲಿನ ಖಾನೆಯಲ್ಲಿ ಸೀಸದ ಗುಂಡು, ಒಂದು ಹಾಲುಹಲ್ಲು.
ಕೆಳಗೆ, ಮೀನಿನ ವಾಸನೆಯಲ್ಲಿ,
ನನ್ನ ತಂಗಿ ಬಿಟ್ಟುಹೋದ ಮೂರು ಮಕ್ಕಳ ಕಾಗದ.

ಬಿಟ್ಟುಹೋದ ಅನ್ನಬಾರದು.
ಲೂಆನ್ ಚಿಕಿತ್ಸೆಗೆ ಹೋಗಿದ್ದಾಳೆ, ಕೊಲಂಬಸ್ಸಿಗೆ,
ಈ ಸಲ ತೊಂಬತ್ತು ದಿನ.
ಅಲ್ಲಿವರೆಗೆ ಹಾಲು ನನ್ನದು, ಬ್ರೆಡ್ಡು ನನ್ನದು,
ಮೂರು ಜೊತೆ ಚಳಿಗಾಲದ ಬೂಟು ನನ್ನದು.
ಲಾಂಡ್ರಿಯಲ್ಲಿ ಗಂಟೆಗೆ ಹನ್ನೊಂದು ಡಾಲರಿನ ಈ ಕೈ
ಎಷ್ಟು ಬಟ್ಟೆ ಮಡಿಚಿದರೂ
ಹದಿನೈದನೇ ತಾರೀಖು ದಾಟುವುದಿಲ್ಲ.

ಅದಕ್ಕೇ ಪೋರ್ಟ್ಸ್‌ಮತ್ತಿನ ಕಚೇರಿ, ಐದನೇ ಕಿಟಕಿ,
ಟೋಕನ್ನು ಎಪ್ಪತ್ತೆರಡು.
ಕಿಟಕಿಯಾಚೆಯ ಹೆಂಗಸಿನ ಎದೆಮೇಲೆ ಹೆಸರು: ಒಡೆಟ್.
ಕೆಟ್ಟವಳಲ್ಲ. ಮೂಗಿನ ತುದಿಗೆ ಕನ್ನಡಕ,
ಮೇಜಿನ ಮೇಲೆ ಅರ್ಧ ತಿಂದ ಸೇಬು.
ಕಾಗದ ಮೂಸಿದಳು, ಏನೂ ಅನ್ನಲಿಲ್ಲ.

ಮೊದಲು ದೊಡ್ಡವನದು: ಕೋಲ್ಬಿ.
ಆಸ್ಪತ್ರೆಯವರು ಕೊಟ್ಟ ದಪ್ಪ ರಟ್ಟು,
ಚಿನ್ನದ ಅಂಚು, ಕೊಕ್ಕರೆಯ ಚಿತ್ರ,
ಕೆಳಗೆ ಕಪ್ಪು ಶಾಯಿಯಲ್ಲಿ ಎರಡು ಪುಟ್ಟ ಪಾದ,
ಬಟಾಣಿ ಸಾಲಿಟ್ಟಂತೆ ಬೆರಳು.
"ಇದು ನೆನಪಿಗೆ ಇಟ್ಟುಕೊಳ್ಳೋದು," ಅಂದಳು ಒಡೆಟ್,
"ದಾಖಲೆ ಅಲ್ಲ."
ಹನ್ನೊಂದು ವರ್ಷ ಇದನ್ನೇ
ಅವನು ಹುಟ್ಟಿದ್ದಕ್ಕೆ ಸಾಕ್ಷಿ ಅಂತ ನಂಬಿದ್ದೆ.
ಅದೇ ಪಾದ ಈಗ ಕುರ್ಚಿಯ ಕಾಲನ್ನು ಒದೆಯುತ್ತಿತ್ತು,
ಟಕ್, ಟಕ್.

ನಡುವಿನವಳ ಕಾರ್ಡಿನಲ್ಲಿ ಒಂದು ಅಕ್ಷರ ಹೆಚ್ಚು.
ಪ್ರಮಾಣಪತ್ರದಲ್ಲಿ ಮಾರ್ಲಾ, ಕಾರ್ಡಿನಲ್ಲಿ ಮಾರ್ಲಾಹ್.
ಆ ಒಂದು ಉಸಿರಿಗೆ ಬೇರೆ ಅರ್ಜಿ, ಬೇರೆ ಕಚೇರಿ, ಬೇರೆ ಬಸ್ಸು.
"ಹಾಗಾದರೆ ನಾನು ಇಬ್ಬರಾ?" ಕೇಳಿದಳು ಅವಳು, ಖುಷಿಯಿಂದ.
ಇಬ್ಬರ ರೇಷನ್ನು ಸಿಗುತ್ತದಾ ಅಂತ ನಾನು ಕೇಳಲಿಲ್ಲ.

ಇನ್ನು ಚಿಕ್ಕವಳು, ಟೆಸ್.
ಪೆಟ್ಟಿಗೆಯಲ್ಲಿ ಅವಳದು ಏನೂ ಇಲ್ಲ.
ಕೊಕ್ಕರೆ ಕೂಡ.

"ಎಲ್ಲಿ ಹುಟ್ಟಿದ್ದು?"
ಸೇತುವೆ ಮೇಲೆ.
"ಯಾವ ರಾಜ್ಯ?"
ನದಿ ಮೇಲೆ, ತಾಯಿ. ಆ ದಡ ಕೆಂಟಕಿ, ಈ ದಡ ಒಹಾಯೊ,
ನಡುವೆ ನನ್ನ ಹಳೇ ಬ್ಯೂಯಿಕ್ಕು, ಹಿಂದಿನ ಸೀಟಿನಲ್ಲಿ ತಂಗಿ,
ಮುಂದೆ ಕಲ್ಲಿದ್ದಲ ಲಾರಿ ಅಲ್ಲಾಡದೆ ನಿಂತಿತ್ತು.
ಫೆಬ್ರವರಿ.

ಒಡೆಟ್ ಪೆನ್ನು ಕೆಳಗಿಟ್ಟು
ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು.
"ಚಲಿಸುವ ವಾಹನದಲ್ಲಿ ಹುಟ್ಟಿದರೆ—"
ಚಲಿಸುತ್ತಿರಲಿಲ್ಲ ಅಂದೆನಲ್ಲ.
"—ಮಗುವನ್ನು ಮೊದಲು ಎಲ್ಲಿ ಇಳಿಸಿದರೋ ಅದೇ ಹುಟ್ಟಿದ ಸ್ಥಳ.
ಮೊದಲು ಎಲ್ಲಿ ಇಳಿಸಿದಿರಿ?"

ನಾಲ್ಕು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.
ಲೂಆನ್‌ಗೆ ನೆನಪಿಲ್ಲ, ಆ ವರ್ಷವೇ ನೆನಪಿಲ್ಲ.
ಇಳಿಸಿದವಳು ನಾನು.
ಈಚೆ ದಡದ ಪೆಟ್ರೋಲ್ ಬಂಕು, ಎರಡನೇ ಪಂಪು,
ಕೋಟಿನೊಳಗೆ ಬಿಸಿಬಿಸಿ ಒದ್ದೆ ಗಂಟು,
ಗಾಜಿನ ಬಾಗಿಲನ್ನು ಬೆನ್ನಿನಿಂದ ತಳ್ಳಿ ಒಳಹೋದೆ.
ಕೌಂಟರಿನ ಹುಡುಗ ಲಾಟರಿ ಚೀಟಿ ಕೈಯಲ್ಲೇ ಹಿಡಿದು
"ಕಾಫಿ?" ಅಂದಿದ್ದ,
ಬೇರೇನು ಹೇಳಲೂ ತೋಚದೆ.

"ಸಾಕ್ಷಿ ಯಾರಾದರೂ?"
ನಾನು.
"ಸಂಬಂಧ?"
ಆ ಖಾನೆ ಹೆಬ್ಬೆರಳಿನಷ್ಟು.
ದೊಡ್ಡಮ್ಮ ಅಂತ ಬರೆದೆ, ಗೆರೆಗೆ ತಾಗಿತು.

ನಾಲ್ಕು ಹತ್ತರ ಬಸ್ಸು.
ಲಕೋಟೆಯ ಬೆನ್ನ ಮೇಲೆ ತರಬೇಕಾದ್ದರ ಪಟ್ಟಿ:
ಮನಿಯಾರ್ಡರು, ನೋಟರಿ, ಶಾಲೆಯ ಪತ್ರ,
ಆ ಬಂಕಿನ ಹುಡುಗ, ಎಲ್ಲಿದ್ದಾನೋ.
ಕೋಲ್ಬಿ ಪೆಟ್ಟಿಗೆ ಅಲ್ಲಾಡಿಸಿದಾಗೆಲ್ಲ ಹಲ್ಲು ಗಲಗಲ;
ಅದು ಯಾರದು ಅಂತ ಅವನಿಗೂ ಮಾರ್ಲಾಗೂ ಜಗಳ.
ಟೆಸ್ ನಿದ್ದೆಹೋದಳು. ಒಂದು ಬೂಟು ಕಳಚಿ
ಸೀಟಿನಡಿ ಉರುಳಿತು.
ಬಗ್ಗಿ ಎತ್ತಿಕೊಳ್ಳಲಾಗಲಿಲ್ಲ,
ಪಾದ ನನ್ನ ಅಂಗೈಯಲ್ಲಿತ್ತು.