ಗಾಳಿ ಸೋರೂ ಜಾಗ

ಬಾಳಿವೇಸಿನ ಹಿಂದ, ಚಾದರದ ಗೋದಾಮಿನ ಮಗ್ಗಲಕ,
ನಮ್ಮಪ್ಪ ಚಪ್ಪಲಿ ಹೊಲೀತಿದ್ದ ಕಟ್ಟಿಮ್ಯಾಲ
ನಾ ಸ್ಯಾಕ್ಸೊಫೋನಿಗೆ ಪ್ಯಾಡ ಹಚ್ಚತೀನಿ.
ಆಡಿನ ಎಳೇ ತೊಗಲು, ಒಳಗೊಂದು ಕಂಬಳಿ ಚೂರು, ಅರಗು.
ತೂತಿಗೊಂದು ಮುಚ್ಚಳ. ಗಾಳಿ ಸೋರಬಾರದು.
ಇಷ್ಟ ನನಗ ಗೊತ್ತಿರೋ ಸಂಗೀತ.

ಸೈಫನಸಾಬರು ಬರತಾರ, ಐತವಾರ ಹನ್ನೊಂದಕ್ಕ,
ಬ್ಯಾಂಡಿನ ಕೆಂಪು ಕೋಟು, ಎರಡು ಗುಂಡಿ ಇಲ್ಲ.
ಮುಂಬೈ ಹೊಟೇಲಿನಾಗ ಏಳು ವರ್ಷ
ಮೂರನೇ ಕುರ್ಚಿ ಹಿಡದು ಊದಿದವರು.
ಜಾಝ್ ಅನ್ನೂಮುಂದ ಕಿವಿ ಮುಟ್ಟಿಕೊಳ್ಳತಾರ,
ಉಸ್ತಾದರ ಹೆಸರು ಬಂದಂಗ.

ಹಿಂದಿಂದನ ಮಲ್ಲಿನಾಥ,
ಹೆಗಲಿಗೆ ಕೀಬೋರ್ಡು, ಕಿವ್ಯಾಗ ತಂತಿ.
ಇಬ್ಬರಿಗೂ ಇರೋದು ಒಂದ ಸ್ಯಾಕ್ಸೊಫೋನು.
ಹಗಲಿನ ವರಾತ ಅವರದು,
ರಾತ್ರಿ ಲಾನಿನ ರಿಸೆಪ್ಷನ್ನು ಇವನದು.

"ನೀ ಊದೂದು ಜಾಝ್ ಅಲ್ಲೊ, ಲಿಫ್ಟಿನಾಗ ಹಚ್ಚತಾರಲ್ಲ, ಅದು.
ಎಣ್ಣಿ ಹಚ್ಚಿ ತಲಿ ಬಾಚಿದಂಗ.
ಒಂದರ ಕೂದಲಾ ಹಾರಬೇಕಲ್ಲ?"

"ಹಾರಿದರ ಕ್ಯಾಟರರ್ ಬೈತಾನ್ರಿ, ಜನಾ ಉಣ್ಣತಿರತಾರ.
ಒಂಚೂರು ಢೋಲಕಿ ಬೆರಸ್ತೀನಿ, ಒಂಚೂರು ಲಾವಣಿ ಠೇಕಾ,
ಮುದುಕೇರು ಸೈತ ಚಮಚಾ ಬಡೀತಾರ."

"ಬೆರಸಾಕ ಅದೇನ್ ಚಿವಡಾ ಏನೊ?"

ಆಗ ಹುಡುಗ ಅಂದ, ಅನ್ನಬಾರದಿತ್ತು:
"ನಿಮ್ಮ ಅಸಲಿ ಎಲ್ಲಿಂದ ಬಂತರಿ ಸಾಬ?
ಹೊಟೇಲಿನ ಒಂದು ಪ್ಲೇಟಿನಿಂದ.
ಆ ಪ್ಲೇಟಿಗೆ ಗೀರು ಬಿದ್ದಿತ್ತು. ಸೂಜಿ ಜಿಗದ ಜಾಗಾದಾಗ
ನೀವು ಇವತ್ತಿಗೂ ಜಿಗೀತೀರಿ.
ಪರಂಪರಾ ಅಂತೀರಿ. ಅದು ಗೀರು."

ಗೋದಾಮಿನಾಗ ಯಾರೋ ಚಾದರ ಝಾಡಿಸಿದರು.
ಸಾಬರು ಗುಂಡಿ ಇಲ್ಲದ ಜಾಗಾ ತಡವಿಕೊಂಡರು.
"ಹೌದು, ಜಿಗೀತೀನಿ," ಅಂದರು ಕಡೀಕ.
"ಎಲ್ಲಿ ಬೀಳತೀನಿ ಗೊತ್ತಿರೂದಿಲ್ಲ.
ಐವತ್ತು ವರ್ಷಾತು,
ಒಂದ ಕಡೆ ಎರಡು ಸಲ ಬಿದ್ದಿಲ್ಲ."

ಮಲ್ಲಿನಾಥ ಉತ್ತರಾ ಕೊಡಲಿಲ್ಲ.
ಸಾಬರು ಚಾಕ್ಕ ಎದ್ದಮ್ಯಾಲ ಕೀಬೋರ್ಡಿನ ಒಂದು ಗುಂಡಿ ಒತ್ತಿದ:
ಹಳೇ ಪ್ಲೇಟಿನ ಚರಚರ,
ಬಾಣಲ್ಯಾಗ ಸಾಸಿವಿ ಸಿಡದಂಗ.
ರಾತ್ರಿ ತನ್ನ ನುಣುಪಿನ ಕೆಳಗ ಇದನ್ನ ಹಾಸತಾನಂತ.
ಹೇಳಬ್ಯಾಡಕ್ಕಾ ಅಂತ ಕಣ್ಣಿಲೆ ಅಂದ.

ಆ ದಿನ ಹೊಸಾ ಪ್ಯಾಡ ಹಚ್ಚಿ ಕೊಟ್ಟೆ. ಸೋರೂದು ನಿಂತಿತ್ತು.
ಮರುದಿನ ಸಾಬರು ಬಂದರು:
ದನಿಯಾಗಿನ ಖರಖರ ಎಲ್ಲಿ ಒಯ್ದಿಯವ್ವಾ?
ಸಂಜೀಕ ಹುಡುಗನೂ:
ಅಕ್ಕಾ, ಇದು ಭಾಳ ಸಾಫ್ ಆಗೇತಿ, ನನಗೂ ಸೇರವಲ್ದು.

ಡಬ್ಬಿಯಾಗ ಹಳೇ ಪ್ಯಾಡ ಇತ್ತು, ಅಂಚು ಕಡದಿದ್ದು.
ಅರಗು ಕಾಸಿ ತಿರುಗಿ ಕುಂದರಿಸಿದೆ.
ಸೋರೂ ಕೆಲಸಕ್ಕ ರೊಕ್ಕಾ ಹಿಡೀಬಾರದು ಅಂತಿದ್ದ ಅಪ್ಪ.
ಹಿಡದಿಲ್ಲ.
ಹೊಸಾ ಪ್ಯಾಡಿಂದಷ್ಟ ಉದ್ರಿ ಬರದೀನಿ,
ಇಬ್ಬರ ಹೆಸರೂ ಒಂದ ಸಾಲಿನಾಗ.